ನೊಂದವರ ಮಾತಿಗೆ ಬೆಲೆಯೆಷ್ಟು?

ಒಬ್ಬರ ಕೈಗೆ ಗಾಯವಾದರೆ ಅದನ್ನು ಹತ್ತು ಮಂದಿ ನೋಡಬಹುದು. ಜ್ವರ ಬಂದರೆ ಹಣೆಯನ್ನು ಮುಟ್ಟಿ ತಿಳಿಯಬಹುದು. ಆದರೆ ನೋವಿಗೆ ಇರುವುದು ಒಂದೇ ಸಾಕ್ಷಿ. ಅದನ್ನು ಅನುಭವಿಸುವವರೇ ಆ ಸಾಕ್ಷಿ. ಫಿರ್ಯಾದಿಯೊಬ್ಬನೇ ಸಾಕ್ಷಿಯಾಗಿಯೂ ನಿಂತಾಗ ಅವನ ಮಾತನ್ನು ಎಷ್ಟರಮಟ್ಟಿಗೆ ನಂಬಬೇಕೆಂದು ನ್ಯಾಯಸ್ಥಾನದಲ್ಲಿ ದೀರ್ಘವಾದ ಚರ್ಚೆ ನಡೆಯುವುದುಂಟು. ಮನೆಯಲ್ಲಿ ಅಂಥ ಚರ್ಚೆ ನಡೆಯುವುದಿಲ್ಲ. ನಂಬುವುದೋ ಬಿಡುವುದೋ ಎಂಬುದು ಹೇಳುವವರ ವಯಸ್ಸು, ಸ್ಥಾನ, ಸ್ವಭಾವಗಳನ್ನು ನೋಡಿ ಕ್ಷಣಮಾತ್ರದಲ್ಲಿ ತೀರ್ಮಾನವಾಗಿಬಿಡುತ್ತದೆ. ಈ ತೀರ್ಮಾನವು ಕೇವಲ ಲೋಕರೂಢಿಯೋ, ಅಥವಾ ಧರ್ಮಾಧರ್ಮಗಳ ವಿಚಾರಕ್ಕೆ ಒಳಪಡತಕ್ಕದ್ದೋ ಎಂಬುದೇ ಈ ಲೇಖನದ ಪ್ರಶ್ನೆ.

ಪ್ರಶ್ನೆಯು ನನಗೆ ಪುಸ್ತಕದಿಂದ ಬಂದುದಲ್ಲ. ಕೃಷ್ಣರಾಜಪುರದ ನಮ್ಮ ಮನೆಯಿಂದಲೇ ಬಂದುದು. ನಮ್ಮ ದೊಡ್ಡಮ್ಮನಿಗೆ ಅರುವತ್ತೈದು ದಾಟಿತ್ತು. ಸಂತೆಗೆ ಒಬ್ಬರೇ ಹೋಗಿ ಚೀಲ ತುಂಬ ತರಕಾರಿ ಹೊತ್ತು ತರುತ್ತಿದ್ದವರು. ಮೊದಲು ಅವರು ಹೇಳಿದ್ದು, ರಾತ್ರಿ ಮಲಗಿದಾಗ ಬೆನ್ನಿನ ನಡುವೆ ನೋವು, ಎದ್ದು ಕುಳಿತರೆ ವಾಸಿ ಎಂದು. ಕೆಲವು ತಿಂಗಳಾದ ಮೇಲೆ, “ಎದೆಯ ಕೆಳಗೆ ಯಾರೋ ಡಾಬು ಬಿಗಿದ ಹಾಗಿದೆಯಪ್ಪ” ಎಂದರು. “ಚಿನ್ನದ ಡಾಬಾದರೆ ಬಿಚ್ಚಿ ಕೊಡಿ ದೊಡ್ಡಮ್ಮ, ಮಗಳ ಮದುವೆಗಾಗುತ್ತದೆ” ಎಂದು ನಾನು ನಗೆಯಾಡಿದೆನು. ಎಲ್ಲರೂ ನಕ್ಕರು, ಅವರೂ ನಕ್ಕರು. ಆಮೇಲೆ ನೆಲವು ಹತ್ತಿಯ ಹಾಗಿದೆ ಎಂದರು. ಒಂದು ದಿನ ಸಂತೆಯಿಂದ ಒಂದೇ ಕಾಲಿನಲ್ಲಿ ಚಪ್ಪಲಿಯಿಟ್ಟುಕೊಂಡು ಬಂದರು. ಇನ್ನೊಂದು ಎಲ್ಲಿ ಜಾರಿತೆಂಬುದು ಅವರ ಕಾಲಿಗೆ ತಿಳಿದೇ ಇರಲಿಲ್ಲ. ಬಚ್ಚಲಲ್ಲಿ ಕಣ್ಣು ಮುಚ್ಚಿ ಮುಖ ತೊಳೆಯುವಾಗ ಮೈ ತೂಗಿ ಗೋಡೆ ಹಿಡಿಯುವುದು ವಾಡಿಕೆಯಾಯಿತು.

ಇಷ್ಟಕ್ಕೂ ನಮ್ಮಲ್ಲಿದ್ದ ಉತ್ತರ ಒಂದೇ: “ವಯಸ್ಸಾಯಿತಲ್ಲ ದೊಡ್ಡಮ್ಮ.” ವೈದ್ಯರೊಬ್ಬರಿಗೆ ತೋರಿಸಲಿಲ್ಲವೆಂದಲ್ಲ. ಅವರು ಸೊಂಟದ ಚಿತ್ರ ತೆಗೆಸಿದರು. ಮೂಳೆ ಸವೆದಿದೆ ಎಂದರು. ಆ ವಯಸ್ಸಿನಲ್ಲಿ ಯಾರ ಸೊಂಟದ ಮೂಳೆ ಸವೆದಿರುವುದಿಲ್ಲ? ಎಣ್ಣೆ ಬಂದಿತು, ಮಾತ್ರೆ ಬಂದಿತು, ನಡುಪಟ್ಟಿ ಬಂದಿತು. “ಸೊಂಟ ಅಲ್ಲಪ್ಪ, ಇಲ್ಲಿ, ಮೇಲೆ” ಎಂದು ದೊಡ್ಡಮ್ಮ ಎದೆಯ ಕೆಳಗೆ ಕೈಯಿಟ್ಟು ತೋರಿಸಿದಾಗ, ಚಿತ್ರದಲ್ಲಿ ಕಂಡಿರುವುದು ಸೊಂಟವೇ ಎಂದು ನಾವೇ ಅವರಿಗೆ ಬುದ್ಧಿ ಹೇಳಿದೆವು. ಹೀಗೆ ಒಂದೂವರೆ ವರ್ಷ ಕಳೆಯಿತು.

ಕಡೆಗೆ ಒಬ್ಬ ತರುಣ ವೈದ್ಯರು, ಬೇರೆ ಕಾರಣಕ್ಕಾಗಿ ಮನೆಗೆ ಬಂದವರು, ದೊಡ್ಡಮ್ಮನ ಮಾತನ್ನು ಕುಳಿತು ಕೇಳಿದರು. ಡಾಬಿನ ಮಾತಿಗೆ ಅವರು ನಗಲಿಲ್ಲ. ಒಂದು ಗುಂಡುಸೂಜಿಯ ತುದಿಯನ್ನು ಪಾದದಿಂದ ಮೇಲಕ್ಕೆ ಮೆಲ್ಲಗೆ ತಾಕಿಸುತ್ತ ಬಂದು, ಎಲ್ಲಿ ಚುಚ್ಚಿದಂತೆ ತಿಳಿಯುವುದೋ ಅಲ್ಲಿ ಹೇಳಿ ಎಂದರು. ದೊಡ್ಡಮ್ಮ “ಈಗ” ಎಂದ ಕಡೆ ಒಂದು ಗೆರೆ ಎಳೆದರು. ಆ ಗೆರೆಯು ಅವರು ಒಂದು ವರ್ಷದಿಂದ ಕೈಯಿಟ್ಟು ತೋರಿಸುತ್ತಿದ್ದ ಜಾಗದಲ್ಲಿಯೇ ಬಿದ್ದಿತು. ಅಂಗಾಲನ್ನು ಗೀಚಿದಾಗ ಹೆಬ್ಬೆರಳು ಕೆಳಕ್ಕೆ ಮಡಿಯುವುದರ ಬದಲು ಮೇಲಕ್ಕೆದ್ದಿತು. ಇದು ಮಿದುಳಿನಿಂದ ಕಾಲಿಗೆ ಬರುವ ನರಮಾರ್ಗಕ್ಕೆ ಎಲ್ಲಿಯೋ ತಡೆಯಾಗಿದೆ ಎಂಬುದರ ಗುರುತು. ೧೮೯೬ರಲ್ಲಿ ಪ್ಯಾರಿಸಿನ ಬಬಿನ್ಸ್ಕಿಯು ಇದನ್ನು ಲೋಕಕ್ಕೆ ತಿಳಿಸಿದನು. ಅಯಸ್ಕಾಂತದ ಬಲದಿಂದ ಒಳಗಿನ ಚಿತ್ರ ತೆಗೆಯುವ ಎಂ. ಆರ್. ಐ. ಪರೀಕ್ಷೆಯನ್ನು ಈ ಸಲ ಸೊಂಟಕ್ಕಲ್ಲದೆ ಇಡೀ ಬೆನ್ನಿಗೆ ಮಾಡಿಸಿದಾಗ, ಎದೆಯ ಹಿಂದಿನ ಮಣಿಗಳ ಮಟ್ಟದಲ್ಲಿ, ಬೆನ್ನುಹುರಿಯನ್ನು ಒಂದು ಪಕ್ಕಕ್ಕೆ ಒತ್ತಿಕೊಂಡು ಕುಳಿತಿದ್ದ ಗೆಡ್ಡೆಯು ಕಂಡಿತು.

ಈ ಗೆಡ್ಡೆಯ ಸ್ವರೂಪವನ್ನು ಸ್ವಲ್ಪ ಹೇಳಬೇಕು. ಬೆನ್ನಿನ ಮಣಿಗಳ ಒಳಗಿನ ಓಣಿಯಲ್ಲಿ ಇಳಿದುಬರುವ ಬೆನ್ನುಹುರಿಯು ನಮ್ಮ ಕಿರುಬೆರಳಿಗಿಂತ ದಪ್ಪವಾದುದಲ್ಲ. ಅದಕ್ಕೆ ಮೂರು ಪೊರೆಗಳ ಹೊದಿಕೆ. ಹೊರಗಿನದು ಗಟ್ಟಿಯಾದದ್ದು, ನಡುವಿನದು ಜೇಡರ ಬಲೆಯಂತೆ ನವುರಾದದ್ದು, ಒಳಗಿನದು ಹುರಿಗೆ ಅಂಟಿಕೊಂಡಿರುವ ತೆಳುಪೊರೆ. ಮಧ್ಯಯುಗದಲ್ಲಿ ಅರಬ್ಬೀ ವೈದ್ಯಗ್ರಂಥಗಳನ್ನು ಲ್ಯಾಟಿನ್ ಭಾಷೆಗೆ ತಂದವರು ಹೊರಪೊರೆಯನ್ನು ‘ಕಠಿನಳಾದ ತಾಯಿ’ ಎಂದೂ ಒಳಪೊರೆಯನ್ನು ‘ಕೋಮಲಳಾದ ತಾಯಿ’ ಎಂದೂ ಕರೆದರು. ಆ ಹೆಸರುಗಳು ವೈದ್ಯರ ಬಾಯಲ್ಲಿ ಇಂದಿಗೂ ಉಳಿದಿವೆ. ಈ ಹೊದಿಕೆಯಲ್ಲಿ ಹುಟ್ಟುವ ಗೆಡ್ಡೆಗೆ ಅಮೆರಿಕದ ಶಸ್ತ್ರವೈದ್ಯ ಹಾರ್ವೆ ಕುಶಿಂಗನು ೧೯೨೨ರಲ್ಲಿ ಮೆನಿಂಜಿಯೋಮ ಎಂದು ಹೆಸರಿಟ್ಟನು. ಇದು ತಲೆಬುರುಡೆಯೊಳಗೆ ಹುಟ್ಟುವುದೇ ಹೆಚ್ಚು. ಬೆನ್ನಿನಲ್ಲಿ ಹುಟ್ಟುವುದು ಹತ್ತರಲ್ಲಿ ಒಂದು ಪಾಲು, ಅಥವಾ ಅದಕ್ಕಿಂತಲೂ ಕಡಮೆ. ಬಹುಮಟ್ಟಿಗೆ ಅದು ಕ್ಯಾನ್ಸರ್ ಅಲ್ಲ. ಬೇರೆ ಅಂಗಗಳಿಗೆ ಹರಡುವುದಿಲ್ಲ. ಆದರೆ ಓಣಿಯು ಇಕ್ಕಟ್ಟಾದದ್ದು. ವರ್ಷಗಟ್ಟಲೆ ನಿಧಾನವಾಗಿ ಬೆಳೆಯುವ ಗೆಡ್ಡೆಯು ಹುರಿಯನ್ನು ಒತ್ತುತ್ತ ಬಂದಂತೆ ಮೊದಲು ನೋವು, ಆಮೇಲೆ ಜೋಮು, ಆಮೇಲೆ ಕಾಲಿನ ಬಿಗಿತ, ಕಡೆಗೆ ಮೂತ್ರದ ಹಿಡಿತವೂ ತಪ್ಪಿ, ಮನುಷ್ಯನು ಹಾಸಿಗೆ ಹಿಡಿಯುತ್ತಾನೆ.

ಇಲ್ಲಿ ಗಮನಿಸತಕ್ಕ ಸಂಗತಿಯೊಂದುಂಟು. ಬೆನ್ನಿನಲ್ಲಿ ಹುಟ್ಟುವ ಈ ಗೆಡ್ಡೆಯು ಗಂಡಸರಿಗಿಂತ ಹೆಂಗಸರಲ್ಲಿ ಹಲವು ಪಟ್ಟು ಹೆಚ್ಚು. ಅದರಲ್ಲಿಯೂ ನಡುವಯಸ್ಸು ದಾಟಿದ ಹೆಂಗಸರಲ್ಲಿ. ಎಂದರೆ, ಯಾರ ನೋವಿಗೆ ನಮ್ಮ ಮನೆಗಳಲ್ಲಿ “ವಯಸ್ಸಾಯಿತು” ಎಂಬ ಉತ್ತರವು ಮೊದಲೇ ಸಿದ್ಧವಾಗಿರುವುದೋ, ಅವರನ್ನೇ ಈ ರೋಗವು ಹುಡುಕಿಕೊಂಡು ಬರುತ್ತದೆ.

ವೈದ್ಯರ ಪಕ್ಷದಲ್ಲಿ ಹೇಳತಕ್ಕದ್ದು ಬಹಳವಿದೆ, ಅದನ್ನು ಮರೆಮಾಡುವುದು ನ್ಯಾಯವಲ್ಲ. ನಮ್ಮ ದೇಶದಲ್ಲಿ ಬೆನ್ನುನೋವಿಗೆ ನೂರು ಕಾರಣಗಳು. ಮೂಳೆಯ ಸವೆತ, ಮಣಿಗಳ ನಡುವಿನ ಬಿಲ್ಲೆ ಜಾರುವುದು, ರಕ್ತದಲ್ಲಿ ಬಿ ಹನ್ನೆರಡು ಎಂಬ ಜೀವಸತ್ತ್ವದ ಕೊರತೆ, ಇವು ಪ್ರತಿದಿನ ಕಾಣುವಂಥವು. ಕ್ಷಯವು ಬೆನ್ನುಮೂಳೆಯನ್ನು ಹಿಡಿದು ಕಾಲುಗಳನ್ನು ಕೆಡಿಸುವುದೂ ಇಲ್ಲಿ ಅಪರೂಪವಲ್ಲ. ಜಗತ್ತಿನ ಕ್ಷಯರೋಗಿಗಳಲ್ಲಿ ಅತಿ ಹೆಚ್ಚಿನ ಸಂಖ್ಯೆ ಇರುವುದು ಭಾರತದಲ್ಲಿಯೇ. ಸಾಮಾನ್ಯವಾದುದನ್ನು ಮೊದಲು ನೆನೆಯುವುದು ಬುದ್ಧಿವಂತಿಕೆ. ಬಂದವರಿಗೆಲ್ಲ ಅಪೂರ್ವವಾದ ರೋಗವನ್ನು ಶಂಕಿಸುವವನು ಒಳ್ಳೆಯ ವೈದ್ಯನಲ್ಲ. ಇದು ಸರಿ. ಆದರೆ ಮೊದಲು ನೆನೆಯದಿರುವುದು ಬೇರೆ, ಕಡೆಯವರೆಗೂ ನೆನೆಯದಿರುವುದು ಬೇರೆ. ಮೊದಲನೆಯದು ಲೆಕ್ಕಾಚಾರ, ಎರಡನೆಯದು ಕಿವುಡು.

ಬೆನ್ನುಹುರಿಯು ಸೊಂಟದ ಮೇಲುಭಾಗದಲ್ಲಿಯೇ, ಅಲ್ಲಿನ ಮೊದಲ ಒಂದೆರಡು ಮಣಿಗಳ ಮಟ್ಟದಲ್ಲಿ, ಮುಗಿದುಹೋಗುತ್ತದೆ. ಆದಕಾರಣ ಕಾಲಿನ ಜೋಮಿಗೆ ಸೊಂಟದ ಚಿತ್ರವನ್ನು ಮಾತ್ರ ನೋಡಿ ತೃಪ್ತರಾದವರು, ಎದೆಯ ಮಟ್ಟದಲ್ಲಿ ಹುರಿಯು ನಲುಗುತ್ತಿರುವುದನ್ನು ಕಾಣುವುದು ಸಾಧ್ಯವೇ ಇಲ್ಲ. ಕಾಲು ಕೆಳಗೆ ದೂರುತ್ತದೆ. ಕಾರಣವು ಮೇಲೆ ಕುಳಿತಿರುತ್ತದೆ. ಬೆನ್ನುಹುರಿಯ ಗೆಡ್ಡೆಯನ್ನು ಮೊಟ್ಟಮೊದಲು ಯಶಸ್ವಿಯಾಗಿ ತೆಗೆದ ಸಂದರ್ಭದಲ್ಲಿಯೂ ಇದೇ ತೊಡಕು ಬಂದಿತ್ತು.

ಅದು ನಡೆದುದು ಲಂಡನ್ನಿನಲ್ಲಿ, ೧೮೮೭ನೆಯ ಜೂನ್ ೯ರಂದು. ರೋಗಿಯು ನಲವತ್ತೆರಡು ವರ್ಷದ ಒಬ್ಬ ಸೇನಾಧಿಕಾರಿ. ಸುಮಾರು ಮೂರು ವರ್ಷ ಬೆನ್ನಿನ ನೋವನ್ನು ಹೇಳಿಕೊಂಡು ವೈದ್ಯರಿಂದ ವೈದ್ಯರಿಗೆ ಅಲೆದವನು. ಅದು ನರಶೂಲೆಯೆಂದು ಹೇಳಿ ಕಳುಹಿಸಿದವರೂ ಉಂಟು. ಕಾಲುಗಳು ಬಿದ್ದುಹೋದ ಮೇಲೆ ವಿಲಿಯಂ ಗವರ್ಸ್ ಎಂಬ ನರವೈದ್ಯನು ಅವನ ಕಥೆಯನ್ನೆಲ್ಲ ಕೇಳಿ, ಮೈಯನ್ನು ಪರೀಕ್ಷಿಸಿ, ಹುರಿಯನ್ನು ಗೆಡ್ಡೆಯೊಂದು ಒತ್ತುತ್ತಿದೆ ಎಂದು ನಿರ್ಣಯಿಸಿದನು. ಆಗ ಎಕ್ಸ್ ಕಿರಣವೂ ಇರಲಿಲ್ಲ. ಅದನ್ನು ರಂಟ್ಗೆನ್ನನು ಕಂಡದ್ದು ೧೮೯೫ರಲ್ಲಿ. ರೋಗಿಯ ಮಾತು, ವೈದ್ಯನ ಕೈ, ಇವೆರಡೇ ಆಧಾರ. ವಿಕ್ಟರ್ ಹಾರ್ಸ್ಲಿಯು ಶಸ್ತ್ರ ಹಿಡಿದನು. ಎಣಿಸಿದ ಜಾಗದಲ್ಲಿ ಬೆನ್ನನ್ನು ತೆರೆದಾಗ ಗೆಡ್ಡೆಯಿಲ್ಲ. ಸಹಾಯಕನಾಗಿದ್ದ ಚಾರ್ಲ್ಸ್ ಬ್ಯಾಲೆನ್ಸ್ ಇನ್ನೂ ಮೇಲಕ್ಕೆ ನೋಡಬೇಕೆಂದು ಒತ್ತಾಯಿಸಿದನೆಂದು ಹೇಳುತ್ತಾರೆ. ಮೇಲಿನ ಮೂಳೆಯನ್ನು ತೆಗೆದಾಗ ಬಾದಾಮಿಯಷ್ಟು ಗಾತ್ರದ ಗೆಡ್ಡೆ ಸಿಕ್ಕಿತು. ಆ ಅಧಿಕಾರಿಯು ಮತ್ತೆ ನಡೆದನು, ಮತ್ತೆ ಕೆಲಸಕ್ಕೂ ಹೋದನು. ಗವರ್ಸನೂ ಹಾರ್ಸ್ಲಿಯೂ ಮರುವರ್ಷ ಈ ವೃತ್ತಾಂತವನ್ನು ಪ್ರಕಟಿಸಿದರು.

ಆ ದಿನ ಗೆದ್ದದ್ದು ಶಸ್ತ್ರದ ಕೌಶಲವೆಂದು ಎಲ್ಲರೂ ಹೇಳುವರು, ಅದು ನಿಜವೇ. ಆದರೆ ಶಸ್ತ್ರಕ್ಕೆ ಮೊದಲು ಇನ್ನೊಂದು ನಡೆದಿತ್ತು. ಮೂರು ವರ್ಷ ಯಾರ ಲೆಕ್ಕಕ್ಕೂ ಬಾರದಿದ್ದ ಮಾತನ್ನು ಒಬ್ಬನು ಪ್ರಮಾಣವೆಂದು ಹಿಡಿದಿದ್ದನು.

‘ಪ್ರಮಾಣ’ ಎಂಬ ಶಬ್ದವನ್ನು ಬೇಕೆಂದೇ ಬಳಸಿದ್ದೇನೆ. ನಮ್ಮ ನ್ಯಾಯಶಾಸ್ತ್ರದವರು ಪ್ರತ್ಯಕ್ಷ, ಅನುಮಾನ, ಉಪಮಾನಗಳ ಜೊತೆಗೆ ಶಬ್ದವನ್ನೂ ಪ್ರಮಾಣವೆಂದು ಒಪ್ಪಿದರು. ಯಾರ ಶಬ್ದ? ಆಪ್ತನಾದವನ ಶಬ್ದ. ಆಪ್ತನೆಂದರೆ ನಂಟನಲ್ಲ, ವಿಷಯವನ್ನು ತಾನೇ ನೇರಾಗಿ ಅರಿತು, ಅರಿತದ್ದನ್ನು ಅರಿತಂತೆ ತಿಳಿಸಬೇಕೆಂಬ ಇಚ್ಛೆಯುಳ್ಳವನು. ಈ ಲಕ್ಷಣವು ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಒಂದೇ ಎಂದು ಭಾಷ್ಯಕಾರನಾದ ವಾತ್ಸ್ಯಾಯನನು ಸ್ಪಷ್ಟವಾಗಿ ಹೇಳಿದ್ದಾನೆ. ಹಾಗಾದರೆ ತನ್ನ ಮೈಯ ನೋವಿನ ವಿಷಯದಲ್ಲಿ ನೊಂದವರಿಗಿಂತ ಹೆಚ್ಚಿನ ಆಪ್ತರು ಯಾರಿದ್ದಾರೆ? ನಮ್ಮ ದೊಡ್ಡಮ್ಮ ಶಾಸ್ತ್ರ ಓದಿದವರಲ್ಲ. ಆದರೆ ಡಾಬಿನ ಬಿಗಿತವನ್ನು ನೇರಾಗಿ ಅರಿತವರು ಅವರೊಬ್ಬರೇ; ಅದನ್ನು ಹೆಚ್ಚಿಸಿ ಹೇಳುವುದರಿಂದ ಅವರಿಗೆ ಬರತಕ್ಕ ಲಾಭವೂ ಇರಲಿಲ್ಲ.

ಇದಕ್ಕೆ ಪ್ರತಿವಾದವುಂಟು. ನೊಂದವರು ತಪ್ಪಾಗಿಯೂ ಹೇಳುವರಲ್ಲವೆ? ಹೆದರಿದವರು ಇಲ್ಲದ ರೋಗವನ್ನು ಕಲ್ಪಿಸಿಕೊಳ್ಳುವುದಿಲ್ಲವೆ? ಕಲ್ಪಿಸಿಕೊಳ್ಳಬಹುದು. ಇಲ್ಲಿ ಎರಡನ್ನು ಬೇರೆಮಾಡಿ ನೋಡಬೇಕು. ಅನುಭವಕ್ಕೆ ರೋಗಿಯೇ ಪ್ರಮಾಣ. ಕಾರಣಕ್ಕೆ ವೈದ್ಯನು ಪ್ರಮಾಣ. ತನಗೆ ಇಂಥ ರೋಗವೇ ಬಂದಿದೆ ಎಂದು ರೋಗಿ ಹೇಳಿದರೆ ವೈದ್ಯನು ಅಲ್ಲವೆನ್ನಬಹುದು. ಆದರೆ ಎದೆಯ ಕೆಳಗೆ ಬಿಗಿಯುತ್ತದೆ ಎಂದವರಿಗೆ, ಇಲ್ಲ, ನಿಮ್ಮ ನೋವು ಸೊಂಟದಲ್ಲಿದೆ ಎಂದು ಹೇಳುವ ಅಧಿಕಾರ ಯಾರಿಗೂ ಇಲ್ಲ. ನಮ್ಮ ಮನೆಯಲ್ಲಿ ನಡೆದ ಅಪರಾಧ ಇದೇ. ಚಿತ್ರವೆಂಬ ಪ್ರತ್ಯಕ್ಷಪ್ರಮಾಣವು ದೊರೆತೊಡನೆ ದೊಡ್ಡಮ್ಮನ ಶಬ್ದವನ್ನು ತಳ್ಳಿಹಾಕಿದೆವು. ಆ ಪ್ರತ್ಯಕ್ಷವು ಬೇರೊಂದು ಸ್ಥಳದ ಪ್ರತ್ಯಕ್ಷವೆಂಬುದನ್ನು ಯೋಚಿಸಲಿಲ್ಲ.

ಇನ್ನೊಂದು ಆಕ್ಷೇಪವು ಇದಕ್ಕಿಂತ ಗಟ್ಟಿಯಾದುದು. ಹೇಳಿದವರ ಮಾತನ್ನೆಲ್ಲ ನಂಬಿ, ಬೆನ್ನುನೋವೆಂದು ಬಂದವರಿಗೆಲ್ಲ ದೊಡ್ಡ ಪರೀಕ್ಷೆಗಳನ್ನು ಮಾಡಿಸುತ್ತ ಹೋದರೆ ಬಡವರ ಗತಿಯೇನು? ಸರಕಾರದ ಆಸ್ಪತ್ರೆಗಳಲ್ಲಿ ಸರದಿ ಕಾಯುವವರ ಗತಿಯೇನು? ನಿಜವಾಗಿ ಬೇಕಾದವರಿಗೆ ಯಂತ್ರವು ತಡವಾಗಿ ದೊರೆಯುವುದೂ ಅನ್ಯಾಯವೇ. ಬೇಡದ ಚಿತ್ರಗಳಲ್ಲಿ ಏನೋ ಒಂದು ಕಂಡು, ಬೇಡದ ಶಸ್ತ್ರಕ್ರಿಯೆಗೆ ಒಳಗಾದವರೂ ಉಂಟು. ಇದನ್ನು ನಾನು ಒಪ್ಪುತ್ತೇನೆ. ಆದರೆ ನಂಬುವುದೆಂದರೆ ಪರೀಕ್ಷೆ ಮಾಡಿಸುವುದೆಂದೇ ಅರ್ಥವಲ್ಲ. ಗುಂಡುಸೂಜಿಗೆ ಎಷ್ಟು ಬೆಲೆ? ಅಂಗಾಲನ್ನು ಗೀಚುವುದಕ್ಕೆ ಯಾವ ಯಂತ್ರ ಬೇಕು? ಬಹುಪಾಲು ಬೆನ್ನುನೋವು ಬೆನ್ನುನೋವಾಗಿಯೇ ಬಂದು ಬೆನ್ನುನೋವಾಗಿಯೇ ಹೋಗುತ್ತದೆ. ಆದರೆ ಮಲಗಿದರೆ ಹೆಚ್ಚುವ ನೋವು, ಸುತ್ತುಕಟ್ಟಿದಂಥ ಬಿಗಿತ, ಕಾಲಿನಿಂದ ಮೇಲಕ್ಕೇರುವ ಜೋಮು, ಕಣ್ಣು ಮುಚ್ಚಿದರೆ ತೂಗಾಟ, ಮೂತ್ರದ ತೊಡಕು, ಇವು ಬಂದಾಗ ಕಥೆಯು ಬದಲಾಯಿತೆಂದು ತಿಳಿಯಬೇಕು. ಕಥೆ ಬದಲಾದಾಗ ತೀರ್ಪನ್ನೂ ಮತ್ತೆ ತೆರೆದು ನೋಡಬೇಕು. ನಿನ್ನೆ ಹೇಳಿದ್ದನ್ನು ಇಂದು ತಿದ್ದಿಕೊಳ್ಳುವ ಮನಸ್ಸೇ ಈ ಧರ್ಮದ ಸಾರ.

ನಮ್ಮ ಊರಿಗೆ ಚಿಕಿತ್ಸೆಯು ದೂರವಾಗಿದ್ದ ಕಾಲವೊಂದಿತ್ತು. ಕೃಷ್ಣರಾಜಪುರದ ನಿಲ್ದಾಣವು ಬೆಂಗಳೂರಿನಿಂದ ಜೋಲಾರುಪೇಟೆಗೆ ೧೮೬೪ರಲ್ಲಿ ಹಾಕಿದ ರೈಲುಹಾದಿಯ ಮೇಲಿದೆ. ಡಾಕ್ಟರ್ ಜೇಕಬ್ ಚಾಂಡಿಯವರು ೧೯೪೯ರಲ್ಲಿ ವೆಲ್ಲೂರಿನಲ್ಲಿ ಮಿದುಳು, ನರಗಳ ಶಸ್ತ್ರಚಿಕಿತ್ಸೆಯನ್ನು ಆರಂಭಿಸಿದರು, ಡಾಕ್ಟರ್ ಬಿ. ರಾಮಮೂರ್ತಿಯವರು ೧೯೫೦ರಲ್ಲಿ ಮದರಾಸಿನಲ್ಲಿ ಆರಂಭಿಸಿದರು. ಈ ಕಡೆಯ ರೋಗಿಗಳು ವೆಲ್ಲೂರಿಗೆ ಹೋಗಬೇಕಾದರೆ ಈ ಹಾದಿಯಲ್ಲಿಯೇ ಹೋಗಿ ಕಾಟ್ಪಾಡಿಯಲ್ಲಿ ಇಳಿಯಬೇಕಾಗಿತ್ತು. ಬೆಂಗಳೂರಿನಲ್ಲಿ ೧೯೫೪ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯು ಸ್ಥಾಪಿತವಾಗಿ, ಅಲ್ಲಿ ಡಾಕ್ಟರ್ ಆರ್. ಎಂ. ವರ್ಮ ಅವರು ೧೯೫೮ರಲ್ಲಿ ನರಶಸ್ತ್ರಚಿಕಿತ್ಸೆಯನ್ನು ಮೊದಲುಮಾಡಿದರು. ಆ ಸಂಸ್ಥೆಯೂ ಹಳೆಯ ಮಾನಸಿಕ ಆಸ್ಪತ್ರೆಯೂ ೧೯೭೪ರಲ್ಲಿ ಒಂದಾಗಿ ನಿಮ್ಹಾನ್ಸ್ ಆಯಿತು. ೨೦೨೩ರಲ್ಲಿ ಮೆಟ್ರೋ ರೈಲೂ ನಮ್ಮೂರಿಗೆ ಬಂದಿತು. ವೈದ್ಯವು ಹೀಗೆ ದೇಶದಿಂದ ದೇಶಕ್ಕೆ, ಊರಿಂದ ಊರಿಗೆ ಹತ್ತಿರ ಬರುತ್ತಲೇ ಇದೆ. ದೊಡ್ಡಮ್ಮನ ಕೋಣೆಯಿಂದ ನಮ್ಮ ನಡುಮನೆಗೆ ಇದ್ದ ಹತ್ತು ಹೆಜ್ಜೆಯ ದೂರವನ್ನು ಮಾತ್ರ ಯಾವ ಸಂಸ್ಥೆಯೂ ಕಡಮೆಮಾಡಲಾರದು.

ಆ ಹತ್ತು ಹೆಜ್ಜೆಯನ್ನು ನಾವು ಎರಡನೆಯ ಸಲವೂ ತಪ್ಪಿದೆವು. ಗೆಡ್ಡೆಯೆಂಬುದು ತಿಳಿದ ಸಂಜೆ ಮನೆಯ ಹಿರಿಯರೆಲ್ಲ ನಡುಮನೆಯಲ್ಲಿ ಸೇರಿ, ಅವರಿಗೆ ಹೇಳುವುದು ಬೇಡವೆಂದು ನಿಶ್ಚಯಿಸಿದೆವು. ಗೆಡ್ಡೆಯೆಂದರೆ ಕ್ಯಾನ್ಸರೆಂದೇ ತಿಳಿದು ಎದೆಗುಂದುವರೆಂಬ ಭಯ. ಅದು ಪ್ರೀತಿಯಿಂದ ಬಂದ ನಿಶ್ಚಯವೆಂಬುದರಲ್ಲಿ ಸಂದೇಹವಿಲ್ಲ. ಕೋಣೆಯೊಳಗಿನಿಂದ ದೊಡ್ಡಮ್ಮ ಕೂಗಿ ಹೇಳಿದರು: “ನೋವು ಬಂದಾಗ ನಾನು ಹೇಳಿದ್ದನ್ನ ನೀವು ಕೇಳಲಿಲ್ಲ. ಈಗ ನನ್ನ ರೋಗವನ್ನ ನನಗೇ ಹೇಳೋದಿಲ್ಲವೇನಪ್ಪ?”

ಆಗ ನನಗೆ ಹೊಳೆದ ಸತ್ಯವಿದು: ನಂಬದಿರುವುದೂ ಮುಚ್ಚಿಡುವುದೂ ಎರಡು ತಪ್ಪುಗಳಲ್ಲ, ಒಂದೇ ತಪ್ಪಿನ ಎರಡು ಮುಖಗಳು. ಮೊದಲನೆಯದರಲ್ಲಿ ಅವರ ಮಾತು ನಮ್ಮನ್ನು ಮುಟ್ಟಲು ಬಿಡಲಿಲ್ಲ. ಎರಡನೆಯದರಲ್ಲಿ ನಮ್ಮ ಮಾತು ಅವರನ್ನು ಮುಟ್ಟಲು ಬಿಡಲಿಲ್ಲ. ಎರಡರಲ್ಲಿಯೂ ಅವರ ಮೈಯ ವ್ಯವಹಾರದಿಂದ ಅವರನ್ನೇ ಹೊರಗಿಟ್ಟಿದ್ದೆವು.

ಮರುದಿನ ಶಸ್ತ್ರವೈದ್ಯರ ಎದುರಿಗೆ ದೊಡ್ಡಮ್ಮನೇ ಕುಳಿತರು. ಕೇಳಿದ ಪ್ರಶ್ನೆಗಳು ಎರಡೇ: ಮಾಡಿಸಿದರೆ ಏನಾಗುತ್ತದೆ, ಮಾಡಿಸದಿದ್ದರೆ ಏನಾಗುತ್ತದೆ? ವೈದ್ಯರು ಏನನ್ನೂ ಮರೆಸದೆ ಹೇಳಿದರು. ಬಿಟ್ಟರೆ ಕಾಲು ಪೂರ್ತಿ ಹೋಗುವ ಸಂಭವವೇ ಹೆಚ್ಚು. ತೆಗೆದರೆ ಬಹುತೇಕ ಮಂದಿ ಸುಧಾರಿಸುವರು. ಹುರಿಗೆ ಪೆಟ್ಟಾಗಿ ಇನ್ನಷ್ಟು ಕೆಡುವ ಅಪಾಯವೂ ಸ್ವಲ್ಪ ಉಂಟು. ಬಹುಕಾಲ ಒತ್ತಿದ್ದರಿಂದ ಎಷ್ಟು ಮರಳುವುದೋ ಮೊದಲೇ ಹೇಳಲಾಗದು. ದೊಡ್ಡಮ್ಮ ಒಂದು ರಾತ್ರಿ ಯೋಚಿಸಿ, ಒಪ್ಪಿಗೆಯ ಕಾಗದಕ್ಕೆ ತಾವೇ ರುಜು ಹಾಕಿದರು.

ಮಣಿಗಳ ಹಿಂಬದಿಯ ಮೂಳೆಯನ್ನು ತೆರೆದು, ಹೊರಪೊರೆಯನ್ನು ಸೀಳಿ, ಸೂಕ್ಷ್ಮದರ್ಶಕದ ಕೆಳಗೆ ಗೆಡ್ಡೆಯನ್ನು ಚೂರುಚೂರಾಗಿ ಬಿಡಿಸಿದರು. ಹುರಿಯನ್ನು ಕದಲಿಸಬಾರದು, ಆದುದರಿಂದ ಗೆಡ್ಡೆಯನ್ನು ಒಳಗಿನಿಂದ ಬರಿದುಮಾಡಿ ಆಮೇಲೆ ಅಂಚನ್ನು ಬಿಡಿಸಿಕೊಳ್ಳುವುದು ಕ್ರಮವಂತೆ. ಹುರಿಯಲ್ಲಿ ವಿದ್ಯುತ್ಸಂದೇಶವು ಸರಿಯಾಗಿ ಸಾಗುತ್ತಿದೆಯೇ ಎಂಬುದನ್ನು ಉದ್ದಕ್ಕೂ ಪರೀಕ್ಷಿಸುತ್ತಿದ್ದರು. ಹೊರಬಂದದ್ದೆಲ್ಲ ಸೇರಿ ಹುಣಿಸೆಬೀಜಕ್ಕಿಂತ ಸ್ವಲ್ಪ ದೊಡ್ಡದು. ಒಂದೂವರೆ ವರ್ಷ ಒಂದು ಮನೆಯನ್ನು ಪರೀಕ್ಷೆ ಮಾಡಿದ ವಸ್ತು ಅಷ್ಟೇ.

ಮೂರನೆಯ ದಿನ ದೊಡ್ಡಮ್ಮ, “ಡಾಬು ಬಿಚ್ಚಿತು” ಎಂದರು. ಈ ಸಲ ಯಾರೂ ನಗಲಿಲ್ಲ. ಕೆಲವು ತಿಂಗಳಲ್ಲಿ ಕೋಲಿನ ಆಧಾರದಿಂದ ಬೀದಿಯ ತುದಿಯವರೆಗೆ ನಡೆದರು. ಈಗ ಸಂತೆಗೂ ಹೋಗುತ್ತಾರೆ, ಜೊತೆಗೆ ಒಬ್ಬರು ಇರಬೇಕು. ಎಡಪಾದದ ಹತ್ತಿ ಮಾತ್ರ ಪೂರ್ತಿಯಾಗಿ ಹೋಗಿಲ್ಲ. ಮೊದಲೇ ಕೇಳಿದ್ದರೆ ಅದೂ ಹೋಗುತ್ತಿತ್ತೇ ಎಂದು ವೈದ್ಯರನ್ನು ಕೇಳಿದೆನು. ಹೇಳಲಾಗುವುದಿಲ್ಲ ಎಂದರು. ಅವರು ನನ್ನನ್ನು ದೂಷಿಸಲಿಲ್ಲ. ಆದರೆ ಆ ಉತ್ತರವು ನನ್ನನ್ನು ಬಿಡುಗಡೆಯನ್ನೂ ಮಾಡಲಿಲ್ಲ.

ರೋಗವು ಅಪೂರ್ವವಾಗಿದ್ದುದರಿಂದ ನಮಗೆ ತಿಳಿಯಲಿಲ್ಲ ಎಂದು ಬಂಧುಗಳು ಸಮಾಧಾನ ಹೇಳುತ್ತಾರೆ. ರೋಗದ ಹೆಸರು ತಿಳಿಯದಿದ್ದುದು ತಪ್ಪಲ್ಲ. ಅದನ್ನು ತಿಳಿಯುವುದು ಗೃಹಸ್ಥನ ಕರ್ತವ್ಯವೂ ಅಲ್ಲ. ಆದರೆ ನೊಂದವರು ಹೇಳಿದ್ದನ್ನು ಅವರು ಹೇಳಿದಂತೆಯೇ ಕೇಳಿ, ಅದನ್ನು ನಮ್ಮ ಅಭಿಪ್ರಾಯದಿಂದ ತಿದ್ದದೆ ವೈದ್ಯನವರೆಗೆ ಮುಟ್ಟಿಸುವುದು ಅಪೂರ್ವವಾದ ವಿದ್ಯೆಯೇನೂ ಅಲ್ಲ. ಅದು ಪ್ರತಿಯೊಂದು ಮನೆಯಲ್ಲಿಯೂ ಸಾಧ್ಯ, ಆದಕಾರಣವೇ ಪ್ರತಿಯೊಬ್ಬರಿಗೂ ಕರ್ತವ್ಯ. ಸಾವಿರ ಮಂದಿಯ ಲೆಕ್ಕದಲ್ಲಿ ವಿರಳವಾದುದು, ಅನುಭವಿಸುವ ಒಬ್ಬರಿಗೆ ವಿರಳವಲ್ಲ. ಅವರಿಗೆ ಹಗಲಿರುಳೂ ಅದೇ.

ದೊಡ್ಡಮ್ಮ ಈಗಲೂ ಒಮ್ಮೊಮ್ಮೆ ಇಲ್ಲಿ ನೋವು, ಅಲ್ಲಿ ಜೋಮು ಎನ್ನುತ್ತಾರೆ. ಬಹಳಮಟ್ಟಿಗೆ ಅದು ವಯಸ್ಸಿನದೇ ಇರಬಹುದು. ಆದರೆ ಆ ಮಾತನ್ನು ನಾನು ಮೊದಲು ಆಡುವುದಿಲ್ಲ. ಕುರ್ಚಿಯನ್ನು ಅವರ ಮಂಚದ ಹತ್ತಿರಕ್ಕೆಳೆದು, “ಎಲ್ಲಿ ದೊಡ್ಡಮ್ಮ, ಕೈಯಿಟ್ಟು ತೋರಿಸಿ” ಎಂದು ಕೇಳುತ್ತೇನೆ.